ಕಪ್ಪುಕುಳಿಯ ಲೆಕ್ಕವೆಲ್ಲ ಮೇಲ್ಮೈಯಲ್ಲೇ ಯಾಕಿದೆ?

2025ರ ಜನವರಿ 14. ಸಂಕ್ರಾಂತಿ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹಬ್ಬದ ಊಟ ನಡೆದಿದ್ದ ಹೊತ್ತಿಗೆ, ಗುರುತ್ವದ ಅಲೆಗಳನ್ನು ಹಿಡಿಯುವ ಅಮೆರಿಕದ ಎರಡು ಲೈಗೋ ಕೇಂದ್ರಗಳಿಗೆ ಅಂಥ ಒಂದು ಅಲೆ, ಅಂದರೆ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುವ ಅಲೆ, ಬಂದು ಮುಟ್ಟಿತು. ಸುಮಾರು 130 ಕೋಟಿ ವರ್ಷಗಳ ಹಿಂದೆ ಎರಡು ಬ್ಲ್ಯಾಕ್ ಹೋಲ್‌ಗಳು, ಅಂದರೆ ಕಪ್ಪುಕುಳಿಗಳು, ಒಂದನ್ನೊಂದು ಸುತ್ತಿ ಸುತ್ತಿ ಒಂದಾಗಿದ್ದವು. ಆ ಅಲೆ ಬಂದ ದಿನದ ಮೇಲೆಯೇ ಅದಕ್ಕೆ ಹೆಸರಿಟ್ಟಿದ್ದಾರೆ: ಜಿಡಬ್ಲ್ಯೂ 250114.

ಒಂದೊಂದರ ತೂಕ ಸೂರ್ಯನ ಸುಮಾರು 33 ಪಟ್ಟು. ಅಂಥ ಒಂದು ಕುಳಿಯ ನಡುಬಿಂದು ಹುಬ್ಬಳ್ಳಿಯಲ್ಲಿದೆ ಅಂದುಕೊಂಡರೆ ಅದರ ಅಂಚು, ಅಂದರೆ ದಾಟಿ ಒಳಗೆ ಹೋದರೆ ಬೆಳಕೂ ಹಿಂದೆ ಬರಲಾಗದ ಗಡಿ, ಹೆಚ್ಚುಕಡಿಮೆ ನೂರು ಕಿಲೋಮೀಟರ್ ಆಚೆಗಿರುತ್ತದೆ. ಧಾರವಾಡ, ಗದಗ, ಹಾವೇರಿ ಮೂರೂ ಒಳಗೇ. ಆ ಗಡಿಯ ವಿಸ್ತೀರ್ಣವೇ ಕುಳಿಯ ಮೇಲ್ಮೈ. ಈ ಎರಡು ಕುಳಿಗಳ ಮೇಲ್ಮೈ ಕೂಡಿಸಿದರೆ 2.4 ಲಕ್ಷ ಚದರ ಕಿಲೋಮೀಟರ್ ಆಗುತ್ತಿತ್ತು. ನಮ್ಮ ಇಡೀ ಕರ್ನಾಟಕ ಸುಮಾರು 1.92 ಲಕ್ಷ. ಎರಡೂ ಸೇರಿ ಒಂದಾದ ಮೇಲೆ ಹೊಸ ಕುಳಿಯ ಮೇಲ್ಮೈ ಎಷ್ಟು? ಸುಮಾರು 4 ಲಕ್ಷ ಚದರ ಕಿಲೋಮೀಟರ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೂಡಿಕೊಳ್ಳುವಾಗ ಸುಮಾರು ಮೂರು ಸೂರ್ಯರಷ್ಟು ತೂಕ ಅಲೆಯಾಗಿ ಹೊರಗೆ ಹೋಗಿಬಿಟ್ಟಿತ್ತು. ತೂಕ ಕಮ್ಮಿಯಾಯಿತು, ಮೇಲ್ಮೈ ಮಾತ್ರ ಜಾಸ್ತಿಯಾಯಿತು. ಕಾರಣ ಸರಳ. ಮೇಲ್ಮೈ ತೂಕದ ವರ್ಗದ ಜೊತೆ ಬೆಳೆಯುತ್ತದೆ. 33ರ ವರ್ಗವನ್ನು ಎರಡು ಸಲ ಕೂಡಿಸಿದರೆ 2178. ಆದರೆ 62ರ ವರ್ಗ 3844. ಹೊಸ ಕುಳಿ ಜೋರಾಗಿ ತಿರುಗುವುದರಿಂದ ಮೇಲ್ಮೈ ಇದಕ್ಕಿಂತ ಸ್ವಲ್ಪ ಇಳಿಯುತ್ತದೆ. ಆದರೂ ಮೊದಲಿಗಿಂತ ಎಷ್ಟೋ ದೊಡ್ಡದು. ಒಟ್ಟು ಮೇಲ್ಮೈ ಎಂದೂ ಕಮ್ಮಿಯಾಗುವುದಿಲ್ಲ ಎಂದು ಸ್ಟೀಫನ್ ಹಾಕಿಂಗ್ 1971ರಲ್ಲೇ ಹೇಳಿದ್ದರು. ಈ ಅಲೆ ಅದನ್ನು ತುಂಬಾ ಸ್ಪಷ್ಟವಾಗಿ ತೋರಿಸಿತು.

ಹೊಸ ಕುಳಿಯ ಅಳತೆ ಸಿಕ್ಕಿದ್ದು ಅದರ ನಡುಕದಿಂದ. ಕೂಡಿಕೊಂಡ ಮೇಲೆ ಕುಳಿ ಕ್ಷಣ ಹೊತ್ತು ನಡುಗಿ ಶಾಂತವಾಗುತ್ತದೆ. ಎಷ್ಟು ವೇಗದಲ್ಲಿ ನಡುಗುತ್ತದೆ, ಎಷ್ಟು ಬೇಗ ತಣ್ಣಗಾಗುತ್ತದೆ ಎಂಬ ಎರಡು ಸಂಗತಿಗಳಲ್ಲಿ ಅದರ ತೂಕ ಮತ್ತು ತಿರುಗುವ ವೇಗ ಅಡಗಿವೆ. ಕೆಣಕಿದ ಕಪ್ಪುಕುಳಿ ಹೀಗೆ ನಡುಗುತ್ತದೆ ಎಂದು 1970ರಲ್ಲಿ ಮೊದಲು ಲೆಕ್ಕ ಮಾಡಿ ತೋರಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ. ಮುಂದೆ ಬೆಂಗಳೂರಿನ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ಕಪ್ಪುಕುಳಿಯ ಮಾತು ಬಂದಾಗ ಕನ್ನಡಿಗರು ಮೊದಲು ನೆನೆಯಬೇಕಾದ ಹೆಸರು ಇದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೇಲ್ಮೈ ಎಂದೂ ಕಮ್ಮಿಯಾಗುವುದಿಲ್ಲ. ಭೌತವಿಜ್ಞಾನ ಓದಿದವರಿಗೆ ಈ ಮಾತು ಎಲ್ಲೋ ಕೇಳಿದ ಹಾಗಿರುತ್ತದೆ, ಅಲ್ವಾ? ಶಾಖದ ಪಾಠದಲ್ಲಿ ಎಂಟ್ರೊಪಿಯ ಬಗ್ಗೆ ಹೇಳುವುದೂ ಇದನ್ನೇ. ಹೊರಗಿನ ನೋಟ ಒಂದೇ ಇದ್ದರೂ ಒಳಗಿನ ಕಣಗಳು ಎಷ್ಟು ಬೇರೆ ಬೇರೆ ರೀತಿಯಲ್ಲಿ ಕೂತಿರಬಹುದು ಎಂಬುದರ ಅಳತೆಯೇ ಎಂಟ್ರೊಪಿ. ಒಂದು ಮುಚ್ಚಿದ ವ್ಯವಸ್ಥೆಯಲ್ಲಿ ಅದು ಇಳಿಯುವುದಿಲ್ಲ. 1972ರಲ್ಲಿ ಪ್ರಿನ್ಸ್‌ಟನ್‌ನ ಜೇಕಬ್ ಬೆಕೆನ್‌ಸ್ಟೀನ್ ಎಂಬ ವಿದ್ಯಾರ್ಥಿ ಈ ಹೋಲಿಕೆಯನ್ನು ಹಾಗೇ ನಂಬಿಬಿಟ್ಟರು. ಬಿಸಿ ಅನಿಲವನ್ನು ಕಪ್ಪುಕುಳಿಗೆ ಎಸೆದರೆ ಅನಿಲದ ಎಂಟ್ರೊಪಿ ಕಾಣೆಯಾಗುತ್ತದೆ. ನಿಯಮ ಉಳಿಯಬೇಕಾದರೆ ಕುಳಿಗೇ ಎಂಟ್ರೊಪಿ ಇರಬೇಕು. ಏನನ್ನು ಎಸೆದರೂ ಕುಳಿಯಲ್ಲಿ ತಪ್ಪದೆ ಬೆಳೆಯುವುದು ಮೇಲ್ಮೈ. ಹಾಗಾದರೆ ಮೇಲ್ಮೈಯೇ ಎಂಟ್ರೊಪಿ ಎಂದರು. ಹಾಕಿಂಗ್ ಮೊದಲು ಇದನ್ನು ಒಪ್ಪಲಿಲ್ಲ.

ಈ ಮಾತು ಎಷ್ಟು ವಿಚಿತ್ರ ಎಂದು ತಿಳಿಯಲು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್ ನೆನೆಸಿಕೊಳ್ಳಿ. ಅದರಲ್ಲಿ ಎಷ್ಟು ಮೆಣಸಿನಕಾಯಿ ಚೀಲ ಹಿಡಿಯುತ್ತವೆ ಎಂದು ಕೇಳಿದರೆ ಯಾರಾದರೂ ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸುತ್ತಾರೆ. ಮೂರನ್ನೂ ಎರಡು ಪಟ್ಟು ಮಾಡಿದರೆ ಎಂಟು ಪಟ್ಟು ಚೀಲ ಹಿಡಿಯುತ್ತವೆ. ಗೋಡೆಗೆ ಬಳಿಯುವ ಬಣ್ಣ ಮಾತ್ರ ನಾಲ್ಕು ಪಟ್ಟು ಸಾಕು. ಬಣ್ಣದ ಲೆಕ್ಕ ನೋಡಿ ಚೀಲದ ಲೆಕ್ಕ ಹೇಳುವವರು ಯಾರೂ ಇಲ್ಲ. ಕಪ್ಪುಕುಳಿಯಲ್ಲಿ ನಡೆಯುವುದು ಬಣ್ಣದ ಲೆಕ್ಕವೇ. ಒಳಗೆ ಎಷ್ಟು ಹಿಡಿಯುತ್ತದೆ ಎಂಬುದನ್ನು ಗೋಡೆಯ ವಿಸ್ತೀರ್ಣ ತೀರ್ಮಾನಿಸುತ್ತದೆ.

1974ರಲ್ಲಿ ಹಾಕಿಂಗ್ ತಾವೇ ಲೆಕ್ಕ ಹಾಕಿ ನೋಡಿದರು. ಕ್ವಾಂಟಮ್ ನಿಯಮಗಳನ್ನು, ಅಂದರೆ ಅತಿ ಸಣ್ಣ ಕಣಗಳ ಲೋಕದ ನಿಯಮಗಳನ್ನು, ಕುಳಿಯ ಅಂಚಿನ ಹತ್ತಿರ ಬಳಸಿದರೆ ಕುಳಿ ಪೂರ್ತಿ ಕಪ್ಪಾಗಿರುವುದಿಲ್ಲ. ಬಿಸಿ ವಸ್ತುವಿನ ಹಾಗೆ ಅದು ಕಿರಣ ಸೂಸುತ್ತದೆ. ಅದಕ್ಕೆ ಉಷ್ಣತೆ ಇದೆ, ಹಾಗಾಗಿ ಎಂಟ್ರೊಪಿಯೂ ನಿಜವೇ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿರುವುದು ಈ ಉಷ್ಣತೆಯ ಸೂತ್ರವನ್ನೇ. ಅದರ ಜೊತೆಗೇ ಬಂದ ಮೇಲ್ಮೈ ಸೂತ್ರ ಹೀಗಿದೆ: ಮೇಲ್ಮೈಯನ್ನು ಪ್ಲಾಂಕ್ ಉದ್ದದ ವರ್ಗದಿಂದ ಭಾಗಿಸಿ, ಮತ್ತೆ ನಾಲ್ಕರಿಂದ ಭಾಗಿಸಿ. ಬಂದದ್ದು ಎಂಟ್ರೊಪಿ. ಪ್ಲಾಂಕ್ ಉದ್ದ ಅಂದರೆ ಒಂದು ಮೀಟರನ್ನು ಹತ್ತರಿಂದ 35 ಸಲ ಭಾಗಿಸಿದರೆ ಉಳಿಯುವಷ್ಟು, ಹೆಚ್ಚುಕಡಿಮೆ.

ಸೂರ್ಯನಷ್ಟೇ ತೂಕದ ಕಪ್ಪುಕುಳಿಗೆ ಇದನ್ನು ಹಾಕಿ ನೋಡೋಣ. ಅದರ ತ್ರಿಜ್ಯ ಬರೀ 3 ಕಿಲೋಮೀಟರ್. ಎಂಟ್ರೊಪಿ ಮಾತ್ರ 1ರ ಮುಂದೆ 77 ಸೊನ್ನೆ ಇಟ್ಟಷ್ಟು. ಈಗ ಉರಿಯುತ್ತಿರುವ ನಮ್ಮ ಸೂರ್ಯನ ಎಂಟ್ರೊಪಿ 1ರ ಮುಂದೆ 58 ಸೊನ್ನೆಯ ಆಸುಪಾಸಿನಲ್ಲಿದೆ. ಹೊರಗಿನಿಂದ ನೋಡಿದರೆ ಕಪ್ಪುಕುಳಿಯಷ್ಟು ಸರಳ ವಸ್ತು ಇನ್ನೊಂದಿಲ್ಲ. ತೂಕ, ತಿರುಗು, ವಿದ್ಯುದಂಶ, ಮೂರು ಅಂಕೆ ಹೇಳಿದರೆ ಮುಗಿಯಿತು. ಹಾಗಿದ್ದರೂ ಇಷ್ಟೊಂದು ಒಳಜೋಡಣೆಗಳು ಅದರಲ್ಲಿವೆ ಎನ್ನುತ್ತದೆ ಸೂತ್ರ. ಎಂಥ ಜೋಡಣೆಗಳು ಎಂದು ಮಾತ್ರ ಸೂತ್ರ ಹೇಳುವುದಿಲ್ಲ.

ಧಾರವಾಡದ ಸಪ್ತಾಪುರದ ಸುತ್ತ ಓದುವ ಹುಡುಗ-ಹುಡುಗಿಯರ ಜೊತೆ ಈ ಮಾತು ತೆಗೆದರೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸರ್, ಒಳಗ ಬಿದ್ದದ್ದು ಎಲ್ಲಿ ಹೋಗ್ತದರಿ?" ಇದು ಹಾಕಿಂಗ್ 1976ರಲ್ಲಿ ಎತ್ತಿದ ಪ್ರಶ್ನೆಯೇ. ಕಿರಣ ಸೂಸುತ್ತಾ ಸೂಸುತ್ತಾ ಕುಳಿ ಕರಗಿ ಮುಗಿದುಹೋಗುತ್ತದೆ. ಸೂರ್ಯನಷ್ಟು ತೂಕದ್ದಕ್ಕೆ 1ರ ಮುಂದೆ 67 ಸೊನ್ನೆ ಇಟ್ಟಷ್ಟು ವರ್ಷ ಬೇಕು. ಆದರೂ ಒಂದು ದಿನ ಮುಗಿಯುತ್ತದೆ. ಅವರ ಲೆಕ್ಕದ ಪ್ರಕಾರ ಹೊರಬಂದ ಕಿರಣದಲ್ಲಿ ಒಳಗೆ ಬಿದ್ದದ್ದರ ಗುರುತೇ ಇರುವುದಿಲ್ಲ. ಪುಸ್ತಕ ಬಿದ್ದರೂ ಅದೇ ಕಿರಣ, ಅಷ್ಟೇ ತೂಕದ ಕಲ್ಲು ಬಿದ್ದರೂ ಅದೇ ಕಿರಣ. ಕ್ವಾಂಟಮ್ ನಿಯಮ ಇದನ್ನು ಒಪ್ಪುವುದಿಲ್ಲ. ಪುಸ್ತಕ ಸುಟ್ಟರೂ ಬೂದಿ, ಹೊಗೆ, ಬೆಳಕು ಎಲ್ಲವನ್ನೂ ಹಿಡಿದಿಟ್ಟರೆ ತಾತ್ವಿಕವಾಗಿ ಅದನ್ನು ಮತ್ತೆ ಓದಬಹುದು ಎನ್ನುತ್ತದೆ ಆ ನಿಯಮ. ಎರಡರಲ್ಲಿ ಯಾವುದೋ ಒಂದು ಬಿಟ್ಟುಕೊಡಬೇಕು.

ಈಗ ಎಂಟ್ಯಾಂಗಲ್‌ಮೆಂಟ್‌ಗೆ ಬರೋಣ. ನಾನು ಅದನ್ನು ಹೆಣಿಗೆ ಎನ್ನುತ್ತೇನೆ. ಎರಡು ಎಲೆಕ್ಟ್ರಾನ್‌ಗಳ ಸ್ಪಿನ್, ಅಂದರೆ ತಿರುಗುವಿಕೆಯಂಥ ಒಂದು ಗುಣ, ಒಟ್ಟು ಸೊನ್ನೆ ಆಗುವ ಹಾಗೆ ಜೋಡಿಸಿ, ದೂರ ದೂರ ಒಯ್ದಿರಿ ಅನ್ನಿ. ಒಂದು ಗದಗದಲ್ಲಿ, ಇನ್ನೊಂದು ಹಾವೇರಿಯಲ್ಲಿ. ಗದಗದವರು ಯಾವ ದಿಕ್ಕಿನಲ್ಲಿ ಅಳೆದರೂ ಮೇಲೆ ಅಥವಾ ಕೆಳಗೆ, ಅರ್ಧಕ್ಕರ್ಧ ಸಾಧ್ಯತೆ. ಹಾವೇರಿಯಲ್ಲೂ ಹಾಗೇ. ಒಬ್ಬೊಬ್ಬರ ಪಟ್ಟಿ ಬೇರೆ ಬೇರೆ ನೋಡಿದರೆ ಏನೂ ಅರ್ಥವಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟರೆ, ಒಂದೇ ದಿಕ್ಕಿನಲ್ಲಿ ಅಳೆದಾಗಲೆಲ್ಲ ಉತ್ತರ ತಿರುಗುಮುರುಗು. ಉತ್ತರಗಳು ಮೊದಲೇ ಬರೆದಿಟ್ಟಿದ್ದವು ಅಂತ ಅನಿಸಬಹುದು. ಹಾಗಿದ್ದರೆ ಬೇರೆ ಬೇರೆ ದಿಕ್ಕಿನ ಅಳತೆಗಳ ನಡುವಿನ ಹೊಂದಾಣಿಕೆ ಒಂದು ಮಿತಿ ದಾಟಬಾರದು ಎಂದು ಜಾನ್ ಬೆಲ್ 1964ರಲ್ಲಿ ತೋರಿಸಿದರು. ಪ್ರಯೋಗಗಳಲ್ಲಿ ಅದು ದಾಟಿತು. ಅಲಾ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಜೈಲಿಂಗರ್ ಅವರಿಗೆ 2022ರ ನೊಬೆಲ್ ಬಂದದ್ದು ಇಂಥ ಪ್ರಯೋಗಗಳಿಗೆ. ಇದರಿಂದ ಗದಗದಿಂದ ಹಾವೇರಿಗೆ ಬೆಳಕಿಗಿಂತ ಬೇಗ ಸುದ್ದಿ ಕಳಿಸಲು ಮಾತ್ರ ಆಗುವುದಿಲ್ಲ. ಪಟ್ಟಿ ಪಕ್ಕಪಕ್ಕ ಇಡಲು ಫೋನಾದರೂ ಮಾಡಲೇಬೇಕು.

ಇದರಲ್ಲಿ ಬಹಳ ಜನ ಗಮನಿಸದೆ ಬಿಡುವ ಒಂದು ಸಂಗತಿ ಇದೆ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಜೋಡಿಯ ಬಗ್ಗೆ ತಿಳಿಯಬೇಕಾದ್ದೆಲ್ಲ ನಮಗೆ ತಿಳಿದಿದೆ. ಅದರ ಎಂಟ್ರೊಪಿ ಸೊನ್ನೆ. ಅದೇ ಜೋಡಿಯ ಒಂದು ಎಲೆಕ್ಟ್ರಾನ್ ಬಗ್ಗೆ ಮಾತ್ರ ಏನೂ ತಿಳಿದಿಲ್ಲ. ಅದರ ಎಂಟ್ರೊಪಿ ಆಗಬಹುದಾದ ಗರಿಷ್ಠ. ಇಡಿಯದು ಗೊತ್ತು, ಬಿಡಿಯದು ಗೊತ್ತಿಲ್ಲ. ನಮ್ಮ ದಿನದ ಬದುಕಿನಲ್ಲಿ ಹೀಗೆ ಎಲ್ಲೂ ಆಗುವುದಿಲ್ಲ. ಹೆಣಿಗೆಯಲ್ಲಿ ಅರ್ಧ ಭಾಗ ಮುಚ್ಚಿಟ್ಟರೆ ಉಳಿದ ಅರ್ಧಕ್ಕೆ ಎಂಟ್ರೊಪಿ ಬಂದುಬಿಡುತ್ತದೆ. ಎರಡು ಸ್ಪಿನ್‌ಗಳಿಗೆ ಈ ಲೆಕ್ಕ ಮಾಡಲು ನಾಲ್ಕು ಅಂಕೆಗಳ ಒಂದು ಸಾಲು, ಒಂದು ಚಿಕ್ಕ ಮ್ಯಾಟ್ರಿಕ್ಸ್ ಸಾಕು. ಕರ್ನಾಟಕ ಸೈನ್ಸ್ ಕಾಲೇಜಿನಲ್ಲಿ ಬಿಎಸ್ಸಿ ಓದುವವರು ಒಂದು ಸಂಜೆ ಕೂತು ಮಾಡಿ ನೋಡಬಹುದು. ದಯವಿಟ್ಟು ಮಾಡಿ ನೋಡಿ. ಓದಿ ತಿಳಿದದ್ದಕ್ಕೂ ಕೈಯಾರೆ ಮಾಡಿದ್ದಕ್ಕೂ ಇಲ್ಲಿ ತುಂಬಾ ಅಂತರವಿದೆ.

ಅರ್ಧವನ್ನು ಮುಚ್ಚಿಡುವುದು ಎಂದೆ. ಕಪ್ಪುಕುಳಿ ಮಾಡುವುದು ಸರಿಯಾಗಿ ಅದನ್ನೇ.

ಖಾಲಿ ಜಾಗ ಅನ್ನುತ್ತೇವಲ್ಲ, ಕ್ವಾಂಟಮ್ ಲೆಕ್ಕದಲ್ಲಿ ಅದು ಸುಮ್ನೆ ಖಾಲಿಯಾಗಿರುವುದಿಲ್ಲ. ಅಲ್ಲಿನ ಕ್ಷೇತ್ರಗಳು ಅಕ್ಕಪಕ್ಕದ ಬಿಂದುಗಳ ನಡುವೆ ಹೆಣೆದುಕೊಂಡಿರುತ್ತವೆ. ಹತ್ತಿರ ಹತ್ತಿರದವು ಗಟ್ಟಿಯಾಗಿ, ದೂರದವು ತೆಳುವಾಗಿ. ಈ ಖಾಲಿ ಜಾಗದಲ್ಲಿ ಒಂದು ಗೋಲವನ್ನು ಕಲ್ಪಿಸಿಕೊಂಡು, ಒಳಗಿನದನ್ನು ಮರೆತುಬಿಡಿ. ಹೊರಗಿನದಕ್ಕೆ ಎಷ್ಟು ಎಂಟ್ರೊಪಿ ಬರುತ್ತದೆ? ಒಳಗೂ ಹೊರಗೂ ಹೆಣೆದಿರುವ ಜೋಡಿಗಳನ್ನು ಮಾತ್ರ ಎಣಿಸಬೇಕು. ಗೋಲದ ನಡುವೆ ಇರುವ ಬಿಂದುಗಳ ನೆರೆಹೊರೆಯೆಲ್ಲ ಒಳಗೇ ಇದೆ. ಅವು ಲೆಕ್ಕಕ್ಕೆ ಬರುವುದೇ ಇಲ್ಲ. ಗಡಿಗೆ ಅಂಟಿಕೊಂಡಿರುವವು ಮಾತ್ರ ಆಚೆಯವುಗಳ ಜೊತೆ ಹೆಣೆದಿರುತ್ತವೆ. ಹಾಗಾಗಿ ಎಂಟ್ರೊಪಿ ಗಡಿಯ ವಿಸ್ತೀರ್ಣಕ್ಕೆ ತಕ್ಕಂತೆ ಬರುತ್ತದೆ. ಗಾತ್ರಕ್ಕೆ ಇಲ್ಲಿ ಕೆಲಸವೇ ಇಲ್ಲ! 1986ರಲ್ಲಿ ನಾಲ್ವರು ಸಂಶೋಧಕರು ಈ ಲೆಕ್ಕ ಮಾಡಿ, ಕಪ್ಪುಕುಳಿಯ ಮೇಲ್ಮೈ ಎಂಟ್ರೊಪಿಯ ಮೂಲ ಇದೇ ಇರಬಹುದು ಎಂದರು. ಲೆಕ್ಕವನ್ನು ಹಾಗೇ ಮಾಡಿದರೆ ಉತ್ತರ ಅನಂತವಾಗುತ್ತದೆ, ಎಲ್ಲೋ ಒಂದು ಅತಿ ಚಿಕ್ಕ ಉದ್ದದಲ್ಲಿ ನಿಲ್ಲಿಸಬೇಕು. ಆ ಉದ್ದ ಪ್ಲಾಂಕ್ ಉದ್ದದ ಹತ್ತಿರ ಇದ್ದರೆ ಹಾಕಿಂಗ್ ಸೂತ್ರದ ಆಸುಪಾಸಿಗೆ ಬರುತ್ತೇವೆ. ನಾನು ಓದಿದ ಭೌತವಿಜ್ಞಾನದಲ್ಲಿ ಇಷ್ಟು ಚಿಕ್ಕದಾದ, ಇಷ್ಟು ಆಳದ ವಾದ ಬಹಳ ಕಮ್ಮಿ.

ಹಾಕಿಂಗ್ ಕಿರಣವೂ ಇದೇ ಹೆಣಿಗೆಯ ಕೂಸು. ಅಂಚಿನ ಎರಡೂ ಬದಿ ಹೆಣೆದಿದ್ದ ಜೋಡಿಯಲ್ಲಿ ಒಂದು ಹೊರಗೆ ಹಾರುತ್ತದೆ, ಇನ್ನೊಂದು ಒಳಗೆ ಉಳಿಯುತ್ತದೆ. ಹಾಗಾಗಿ ಹೊರಬಂದ ಕಿರಣದ ಎಂಟ್ರೊಪಿ ಏರುತ್ತಾ ಹೋಗುತ್ತದೆ. ಇದು ಹೀಗೇ ಏರಲು ಆಗುವುದಿಲ್ಲ ಎಂದು ಡಾನ್ ಪೇಜ್ 1993ರಲ್ಲಿ ತೋರಿಸಿದರು. ಕುಳಿ ಚಿಕ್ಕದಾಗುತ್ತಿದೆ, ಮೇಲ್ಮೈ ಕುಗ್ಗುತ್ತಿದೆ. (ಮೇಲ್ಮೈ ಎಂದೂ ಕಮ್ಮಿಯಾಗುವುದಿಲ್ಲ ಎಂಬ 1971ರ ಮಾತು ಕ್ವಾಂಟಮ್ ನಿಯಮಗಳನ್ನು ಸೇರಿಸದೆ ಹೇಳಿದ್ದು.) ಅದರಲ್ಲಿ ಹೆಣೆದುಕೊಳ್ಳಲು ಉಳಿದಿರುವ ಜೋಡಣೆಗಳೇ ಕಮ್ಮಿ. ಸುಮಾರು ಅರ್ಧ ದಾರಿಯ ನಂತರ ಕಿರಣದ ಎಂಟ್ರೊಪಿ ಇಳಿಯಲು ಶುರುವಾಗಬೇಕು, ಕೊನೆಗೆ ಸೊನ್ನೆಗೆ ಬರಬೇಕು. ಏರಿ ಇಳಿಯುವ ಆ ಗೆರೆಗೆ ಪೇಜ್ ಗೆರೆ ಎಂದು ಹೆಸರು. ಹಾಕಿಂಗ್ ಲೆಕ್ಕದಲ್ಲಿ ಗೆರೆ ಇಳಿಯುವುದಿಲ್ಲ. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲ ಇದನ್ನು ಇಳಿಸಲು ಯಾರಿಂದಲೂ ನೇರವಾಗಿ ಆಗಲಿಲ್ಲ.

ದಾರಿ ಬಂದದ್ದು ಬೇರೆ ಕಡೆಯಿಂದ. 1997ರಲ್ಲಿ ಹುವಾನ್ ಮಾಲ್ಡಸೇನಾ ಒಂದು ಸಮಾನತೆ ಮುಂದಿಟ್ಟರು. ಒಳಮುಖವಾಗಿ ಬಾಗಿದ ಒಂದು ಬಗೆಯ ವಿಶ್ವದಲ್ಲಿ ಗುರುತ್ವ ಸೇರಿ ಏನೆಲ್ಲ ನಡೆಯುತ್ತದೋ, ಅದೆಲ್ಲವನ್ನೂ ಅದರ ಗಡಿಯ ಮೇಲೆ ಗುರುತ್ವವೇ ಇಲ್ಲದ ಒಂದು ಕ್ವಾಂಟಮ್ ಸಿದ್ಧಾಂತದಲ್ಲಿ ಬರೆಯಬಹುದು. ಒಳಗಿನದೆಲ್ಲ ಗೋಡೆಯ ಮೇಲೆ. 2006ರಲ್ಲಿ ಶಿನ್ಸೆ ರ್ಯು ಮತ್ತು ತಾದಾಶಿ ತಕಾಯನಗಿ ಎಂಬ ಇಬ್ಬರು ಜಪಾನಿ ವಿಜ್ಞಾನಿಗಳು ಇದಕ್ಕೆ ಒಂದು ಸೂತ್ರ ಸೇರಿಸಿದರು. ಗಡಿಯ ಒಂದು ತುಂಡು ಉಳಿದದ್ದರ ಜೊತೆ ಎಷ್ಟು ಹೆಣೆದಿದೆ ಎಂದು ತಿಳಿಯಬೇಕೇ? ಆ ತುಂಡಿನ ಅಂಚಿನಿಂದ ಒಳಗಿನ ಜಾಗಕ್ಕೆ ಇಳಿಯುವ ಮೇಲ್ಮೈಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ. ಅದರ ವಿಸ್ತೀರ್ಣವನ್ನು ನಾಲ್ಕರಿಂದ, ಪ್ಲಾಂಕ್ ಉದ್ದದ ವರ್ಗದಿಂದ ಭಾಗಿಸಿ. ಅದೇ ಹಾಕಿಂಗ್ ಸೂತ್ರ! ಈ ಸಲ ಕಪ್ಪುಕುಳಿಯೇ ಬೇಕಿಲ್ಲ.

2010ರಲ್ಲಿ ಕೆನಡಾದ ಮಾರ್ಕ್ ವಾನ್ ರಾಮ್ಸ್‌ಡಾಂಕ್ ಈ ಸೂತ್ರವನ್ನು ಹಿಂದುಮುಂದಾಗಿ ಓದಿದರು. ಗಡಿಯ ಎರಡು ಅರ್ಧಗಳ ನಡುವಿನ ಹೆಣಿಗೆಯನ್ನು ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ಹೋದರೆ ಏನಾಗುತ್ತದೆ? ಒಳಗಿನ ಜಾಗವನ್ನು ಎರಡು ಭಾಗ ಮಾಡುವ ಮೇಲ್ಮೈ ಸಣ್ಣದಾಗುತ್ತದೆ. ಎರಡು ಭಾಗಗಳ ನಡುವಿನ ದೂರ ಬೆಳೆಯುತ್ತದೆ. ಹೆಣಿಗೆ ಪೂರ್ತಿ ಬಿಚ್ಚಿದಾಗ ಜಾಗವೇ ತುಂಡಾಗಿ ಎರಡಾಗುತ್ತದೆ. ಅಂದರೆ ಜಾಗವನ್ನು ಜಾಗವಾಗಿ ಹಿಡಿದಿಟ್ಟಿರುವುದೇ ಹೆಣಿಗೆ. ಈ ಇಡೀ ಕ್ಷೇತ್ರದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಈ ಹೆಜ್ಜೆ. ಅದಕ್ಕೂ ಮೊದಲು, 1995ರಲ್ಲೇ, ಟೆಡ್ ಜೇಕಬ್ಸನ್ ಇನ್ನೊಂದು ತುದಿಯಿಂದ ಇದರ ಹತ್ತಿರ ಬಂದಿದ್ದರು. ಎಂಟ್ರೊಪಿ ಮೇಲ್ಮೈಗೆ ತಕ್ಕಂತಿದೆ ಎಂಬುದನ್ನೂ ಶಾಖದ ನಿಯಮವನ್ನೂ ಮೊದಲೇ ಒಪ್ಪಿಕೊಂಡರೆ, ಐನ್‌ಸ್ಟೈನ್‌ನ ಗುರುತ್ವ ಸಮೀಕರಣ ತಾನಾಗಿ ಹೊರಬರುತ್ತದೆ ಎಂದು ಅವರು ತೋರಿಸಿದ್ದರು.

2013ರಲ್ಲಿ ಮಾಲ್ಡಸೇನಾ ಮತ್ತು ಲೆನರ್ಡ್ ಸಸ್ಕಿಂಡ್ ಇನ್ನೂ ಮುಂದೆ ಹೋದರು. ಐನ್‌ಸ್ಟೈನ್ 1935ರಲ್ಲಿ ಎರಡು ಲೇಖನ ಬರೆದಿದ್ದರು. ಪೊಡೊಲ್ಸ್ಕಿ ಮತ್ತು ರೋಸೆನ್ ಜೊತೆ ಬರೆದದ್ದು ಹೆಣಿಗೆಯ ಬಗ್ಗೆ. ರೋಸೆನ್ ಜೊತೆ ಬರೆದದ್ದು ಎರಡು ಜಾಗಗಳನ್ನು ಸೇರಿಸುವ ಸುರಂಗದ ಬಗ್ಗೆ. ಎರಡು ಕಪ್ಪುಕುಳಿಗಳು ಪೂರ್ತಿ ಹೆಣೆದಿದ್ದರೆ ಅವುಗಳ ಒಳಗನ್ನು ಇಂಥ ಸುರಂಗ ಸೇರಿಸುತ್ತದೆ, ಎರಡೂ ಲೇಖನ ಹೇಳಿದ್ದು ಒಂದೇ ಸಂಗತಿ ಎಂಬುದು ಅವರ ಊಹೆ. ಆ ಸುರಂಗದಲ್ಲಿ ಈ ಕಡೆಯಿಂದ ಆ ಕಡೆಗೆ ದಾಟಲು ಬರುವುದಿಲ್ಲ, ಹೆಣಿಗೆಯಿಂದ ಸುದ್ದಿ ಕಳಿಸಲು ಬಾರದ ಹಾಗೇ. 2022ರಲ್ಲಿ ಕ್ವಾಂಟಮ್ ಕಂಪ್ಯೂಟರಿನಲ್ಲಿ ಇಂಥ ಸುರಂಗ, ಅಂದರೆ ವರ್ಮ್‌ಹೋಲ್ ಮಾಡಿದರು ಎಂದು ದೊಡ್ಡ ಸುದ್ದಿಯಾಯಿತಲ್ಲ, ಅದು ಆ ಕಂಪ್ಯೂಟರಿನ 9 ಮೂಲ ಘಟಕಗಳ, ಅಂದರೆ ಕ್ಯೂಬಿಟ್‌ಗಳ ಮೇಲೆ ನಡೆಸಿದ ಒಂದು ಚಿಕ್ಕ ಮಾದರಿ ಲೆಕ್ಕ. ಜಾಗದಲ್ಲಿ ಯಾರೂ ತೂತು ಕೊರೆದಿಲ್ಲ.

ಪೇಜ್ ಗೆರೆ ಇಳಿದದ್ದು 2019ರಲ್ಲಿ. ಜೆಫ್ ಪೆನಿಂಗ್ಟನ್ ಒಬ್ಬರೇ, ಅಹ್ಮದ್ ಅಲ್ಮ್‌ಹೇರಿ ಮತ್ತು ಮೂವರು ಜೊತೆಗಾರರು ಬೇರೆಯಾಗಿ, ಅದೇ ವರ್ಷ ರ್ಯು-ತಕಾಯನಗಿ ಸೂತ್ರದ ತಿದ್ದಿದ ರೂಪವನ್ನು ಕರಗುವ ಕಪ್ಪುಕುಳಿಗೆ ಹಾಕಿದರು. ಅರ್ಧ ದಾರಿ ದಾಟಿದ ಮೇಲೆ ಕುಳಿಯ ಒಳಗೆ ಹೊಸದೊಂದು ಅತಿ ಚಿಕ್ಕ ಮೇಲ್ಮೈ ಕಾಣಿಸಿಕೊಂಡಿತು. ಅದರ ಒಳಬದಿಯ ಜಾಗ, ಕುಳಿಯ ಒಳಗಿದ್ದರೂ, ಲೆಕ್ಕದಲ್ಲಿ ಹೊರಗಿನ ಕಿರಣಕ್ಕೆ ಸೇರಿದ್ದು! ಹಾಗೆ ಸೇರಿಸಿದಾಗ ಗೆರೆ ಇಳಿಯಿತು. ಒಳಗೆ ಬಿದ್ದದ್ದು ಕಿರಣದಲ್ಲಿದೆ ಎಂದಾಯಿತು. ಹೇಗೆ ಓದುವುದು ಎಂಬುದು ಇನ್ನೂ ಬಿಡಿಸಿಲ್ಲ.

ಈ ಚರ್ಚೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಇರುವ ಐಸಿಟಿಎಸ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯ ಸುವ್ರತ್ ರಾಜು ಮತ್ತು ಜೊತೆಗಾರರದ್ದು ಬೇರೆಯೇ ದನಿ. ಗುರುತ್ವ ಇರುವ ಕಡೆ ಒಳಗಿನ ಮಾಹಿತಿಯ ಪ್ರತಿ ಯಾವಾಗಲೂ ದೂರದ ಹೊರಗಡಿಯಲ್ಲಿ ಇದ್ದೇ ಇರುತ್ತದೆ ಎಂಬುದು ಅವರ ವಾದ. ಅವರ ಪ್ರಕಾರ ಮಾಹಿತಿ ಎಂದೂ ಒಳಗೆ ಸಿಕ್ಕಿಕೊಂಡೇ ಇರಲಿಲ್ಲ. ನಮ್ಮ ಧಾರವಾಡದ ವಿದ್ಯಾರ್ಥಿಗಳು ರೈಲಿನಲ್ಲಿ ಒಂದು ರಾತ್ರಿ ಹೋದರೆ ಸಿಗುವ ಊರಿನಲ್ಲಿ ಈ ಕೆಲಸ ನಡೆಯುತ್ತಿದೆ.

ಇದರಲ್ಲಿ ಒಂದು ದೊಡ್ಡ ಕೊರತೆ ಇದೆ. ಮಾಲ್ಡಸೇನಾ ಸಮಾನತೆ ಕೆಲಸ ಮಾಡುವುದು ಗಡಿ ಇರುವ, ಒಳಮುಖ ಬಾಗಿದ ವಿಶ್ವದಲ್ಲಿ. ನಮ್ಮ ವಿಶ್ವ ಹಾಗಿಲ್ಲ. ಅದು ವೇಗ ಹೆಚ್ಚಿಸಿಕೊಳ್ಳುತ್ತಾ ಹಿಗ್ಗುತ್ತಿದೆ, ಅಂಥ ಗಡಿ ಅದಕ್ಕಿಲ್ಲ. ಹಾಕಿಂಗ್ ಕಿರಣವನ್ನೂ ಆಕಾಶದಲ್ಲಿ ಯಾರೂ ಕಂಡಿಲ್ಲ. ಸೂರ್ಯನಷ್ಟು ತೂಕದ ಕುಳಿಯ ಉಷ್ಣತೆ ಒಂದು ಡಿಗ್ರಿಯ ಕೋಟಿಯಲ್ಲೊಂದು ಭಾಗಕ್ಕಿಂತ ಕಮ್ಮಿ. ಸುತ್ತಲಿನ ಆಕಾಶವೇ ಶುದ್ಧ ಸೊನ್ನೆಗಿಂತ 2.7 ಡಿಗ್ರಿ ಬೆಚ್ಚಗಿದೆ. ಹಾಗಾಗಿ ಜಾಗ ಹೆಣಿಗೆಯಿಂದ ಆಗಿದೆ ಎಂದು ಸಾಬೀತಾಗಿದೆ ಎನ್ನುವ ಶೀರ್ಷಿಕೆ ಕಂಡರೆ ನಂಬಬೇಡಿ. ಗಟ್ಟಿ ಲೆಕ್ಕದ ಆಧಾರ ಇರುವ ಒಂದು ಸಾಧ್ಯತೆ ಅದು.

ಮೇಜಿನ ಮೇಲೆ ಪರೀಕ್ಷಿಸಬಹುದಾದ ಒಂದು ಚಿಕ್ಕ ಪ್ರಶ್ನೆ ಮಾತ್ರ ಇದೆ. ಗುರುತ್ವ ಎರಡು ವಸ್ತುಗಳನ್ನು ಹೆಣೆಯಬಲ್ಲದೇ? 2017ರಲ್ಲಿ ಸೌಗತೋ ಬೋಸ್ ಮತ್ತು ಜೊತೆಗಾರರು ಒಂದು ಕಡೆ, ಕಿಯಾರಾ ಮಾರ್ಲೆಟ್ಟೊ ಮತ್ತು ವ್ಲಾಟ್ಕೊ ವೆಡ್ರಲ್ ಇನ್ನೊಂದು ಕಡೆ ಒಂದೇ ಬಗೆಯ ಪ್ರಯೋಗ ಸೂಚಿಸಿದರು. ಎರಡು ವಜ್ರದ ಕಣ ತಗೊಳ್ಳಿ. ಒಂದೊಂದೂ ಒಂದು ಗ್ರಾಮಿನ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು. ಎರಡನ್ನೂ ಏಕಕಾಲಕ್ಕೆ ಎರಡೆರಡು ದಾರಿಯಲ್ಲಿ ಇರುವ ಕ್ವಾಂಟಮ್ ಸ್ಥಿತಿಗೆ ತನ್ನಿ. ದಾರಿಗಳ ನಡುವೆ ಒಂದು ಮಿಲಿಮೀಟರಿನ ಕಾಲು ಭಾಗದಷ್ಟಾದರೂ ಅಂತರ ಬೇಕು. ನಿರ್ವಾತದಲ್ಲಿ ಒಂದೆರಡು ಸೆಕೆಂಡ್ ಬೀಳಲು ಬಿಡಿ. ಎರಡೂ ಕಣಗಳಿಗೆ ವಿದ್ಯುದಂಶ ಇರಬಾರದು, ಸುತ್ತಲಿನ ಅನಿಲದ ಒಂದು ಅಣು ಬಡಿದರೂ ಆಟ ಮುಗಿಯಿತು. ನಡುವೆ ಗುರುತ್ವ ಒಂದೇ ಕೆಲಸ ಮಾಡಬೇಕು. ಕೊನೆಗೆ ಎರಡರ ಸ್ಪಿನ್ ಅಳೆದಾಗ ಹೆಣಿಗೆ ಕಂಡರೆ, ಗುರುತ್ವವನ್ನು ಹಳೆಯ, ಕ್ವಾಂಟಮ್ ಅಲ್ಲದ ಕ್ಷೇತ್ರ ಎನ್ನುವುದು ಬಹಳ ಕಷ್ಟವಾಗುತ್ತದೆ. ಹಾಗೆ ಹೆಣೆಯುವ ಶಕ್ತಿ ಕ್ವಾಂಟಮ್ ಅಲ್ಲದ ಮಧ್ಯವರ್ತಿಗೆ ಇಲ್ಲ ಎಂಬುದು ವಾದ. ಕಾಣದಿದ್ದರೆ, ಮೇಲೆ ಹೇಳಿದ ಬಹುಪಾಲು ಕೆಲಸವನ್ನು ಬುಡದಿಂದ ನೋಡಬೇಕಾಗುತ್ತದೆ. 2019ರಲ್ಲಿ ವಿಯೆನ್ನಾದಲ್ಲಿ ಎರಡು ದಾರಿಯ ಸ್ಥಿತಿಗೆ ತಂದದ್ದು ಸುಮಾರು 2000 ಪರಮಾಣುಗಳ ಅಣುಗಳನ್ನು. ಈ ವಜ್ರದ ಕಣ ಅದಕ್ಕಿಂತ 20 ಕೋಟಿ ಪಟ್ಟಿಗೂ ಜಾಸ್ತಿ ತೂಗುತ್ತದೆ. ಆ ಅಂತರವನ್ನು ಮುಚ್ಚಲು ಬೇಕಾದ ಆಯಸ್ಕಾಂತ, ತಂಪು, ನಿರ್ವಾತ ಮೂರರ ಮೇಲೂ ಈಗ ಕೆಲಸ ನಡೆದಿದೆ.